ಬಾಡಿಗೆಯವರು ಬಿಟ್ಟುಹೋದ ಮನೆ: ಮಾರುವ ಮೊದಲು ಎಷ್ಟು ಕೈಹಚ್ಚಬೇಕು?

ಕೊನೆಯ ಬಾಡಿಗೆದಾರರು ಕೀಲಿ ಕೊಟ್ಟು ಹೋದ ಮೇಲೆ ಬಾಗಿಲು ತೆರೆದರೆ ಎದೆ ಧಸಕ್ ಅನ್ನುತ್ತದೆ. ಗೋಡೆ ತುಂಬ ಮೊಳೆ. ಬಲ್ಬ್ ಬಿಚ್ಚಿಕೊಂಡು ಹೋದ ಹೋಲ್ಡರುಗಳು ಜೋತು ಬಿದ್ದಿರುತ್ತವೆ. ಅಡುಗೆಮನೆಯ ಕಿಟಕಿಗೆ ವರ್ಷಗಟ್ಟಲೆ ಒಗ್ಗರಣೆಯ ಜಿಡ್ಡು. ಬಚ್ಚಲಿನ ಟೈಲ್ಸಿಗೆ ಬೋರ್ ನೀರಿನ ಬಿಳಿ ಪದರ. ಬಾಗಿಲ ಹಿಂದೆ ಯಾರದೋ ಮಗುವಿನ ಎತ್ತರ ಅಳೆದ ಪೆನ್ಸಿಲ್ ಗೆರೆಗಳು.

ಆಮೇಲೆ ಮನೆಮಂದಿಯ ಮಾತು ಶುರು. ನಮ್ಮಲ್ಲೂ ಹೀಗೇ ಆಯಿತು. ಅಣ್ಣ, "ಇದ್ದಂಗ ಕೊಟ್ಟುಬಿಡೋಣ, ತಗೊಂಡವರು ಹೆಂಗೂ ಒಡದು ಕಟ್ಟತಾರ" ಅಂದ. ಅಕ್ಕ, "ಬಣ್ಣರ ಹಚ್ಚಸ್ರಿ, ಹಿಂಗ ತೋರಿಸಿದ್ರ ಮಂದಿ ಅರ್ಧಾ ರೇಟಿಗೆ ಕೇಳತಾರ" ಅಂದಳು. ಏಜೆಂಟ್ ಅಡುಗೆಮನೆಯಲ್ಲಿ ನಿಂತು, "ಇದನ್ನ ಮಾಡ್ಯುಲರ್ ಮಾಡಸ್ರಿ ಸರ, ನೋಡಿದ ದಿನಾನ ಸಂಚಕಾರ ಕೊಡತಾರ" ಅಂದ. ಸಂಚಕಾರ ಅಂದರೆ ಮುಂಗಡ ಹಣ. ಮೂವರ ಮಾತಿನಲ್ಲೂ ಒಂದಿಷ್ಟು ನಿಜ ಇತ್ತು. ಅದೇ ತೊಂದರೆ.

ನಾನು ಇಂಥ ಎರಡು ಮನೆ ಮಾರುವ ಓಡಾಟ ಮಾಡಿದ್ದೇನೆ. ಒಂದು ಹುಬ್ಬಳ್ಳಿಯ ವಿದ್ಯಾನಗರದ ಕಡೆ ಇದ್ದ ಕಾಕಾನ ಮನೆ. ಇನ್ನೊಂದು ಧಾರವಾಡದ ಮಾಳಮಡ್ಡಿಯಲ್ಲಿದ್ದ ಅವ್ವನ ಮನೆ. ಮೊದಲನೆಯದಕ್ಕೆ ಸುಮ್ನೆ ದುಡ್ಡು ಸುರಿದೆವು. ಎರಡನೆಯದರ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಈಗ ಯಾರಾದರೂ "ಬಣ್ಣ ಹಚ್ಚಿಸಲಾ, ಬೇಡವಾ?" ಅಂತ ಕೇಳಿದರೆ ನಾನು ಉತ್ತರ ಹೇಳುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ.

ಮೊದಲು ಈ ನಾಲ್ಕು ಪ್ರಶ್ನೆ

ಒಂದು, ನಿಮ್ಮ ಮನೆಯನ್ನು ಕೊಳ್ಳುವವರು ಯಾರು? ಊರಿನ ಎಲ್ಲ ಕಡೆ ಒಂದೇ ಥರದ ಗಿರಾಕಿ ಬರುವುದಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ತುಂಬಿದ್ದಾರೆ. ಅಲ್ಲಿ ಮನೆ ನೋಡಲು ಬರುವವನು ಖೋಲಿ ಎಷ್ಟು, ಬಚ್ಚಲು ಎಷ್ಟು, ಮಹಡಿ ಏರಿಸಬಹುದಾ ಅಂತ ಲೆಕ್ಕ ಹಾಕುತ್ತಾನೆ. ಮಾಳಮಡ್ಡಿ, ನಾರಾಯಣಪುರ, ಕೆಲಗೇರಿ ಕಡೆಗೆ ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಮಕ್ಕಳ ಓದಿಗೆ ಅಂತ ಗದಗ, ಹಾವೇರಿ, ಬಾಗಲಕೋಟೆಯಿಂದ ಬರುವ ತಂದೆ-ತಾಯಿ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ರೈಲ್ವೆಯವರು. ಹಳೇ ಹುಬ್ಬಳ್ಳಿ, ದುರ್ಗದಬೈಲ್ ಸುತ್ತ ವ್ಯಾಪಾರಸ್ಥರು. ಅವರಿಗೆ ಕೆಳಗೆ ಗೋದಾಮು, ಮೇಲೆ ಮನೆ ಇದ್ದರೆ ಸಾಕು. ಗೋದಾಮು ನೋಡಲು ಬಂದವನಿಗೆ ನಿಮ್ಮ ಹೊಸ ವಾಶ್‌ಬೇಸಿನ್ ಕಾಣಿಸುವುದೇ ಇಲ್ಲ.

ಎರಡು, ಮನೆ ಖಾಲಿ ಇದ್ದ ಪ್ರತಿ ತಿಂಗಳಿಗೆ ನಿಮಗೆ ಎಷ್ಟು ಬೀಳುತ್ತಿದೆ? ಇದನ್ನು ಬಹಳ ಮಂದಿ ಲೆಕ್ಕ ಹಾಕುವುದಿಲ್ಲ. ಮನೆಗೆ 60 ಲಕ್ಷ ಬರುತ್ತದೆ ಅಂದುಕೊಳ್ಳಿ. ಆ ದುಡ್ಡು ಬ್ಯಾಂಕಿನಲ್ಲಿದ್ದು ವರ್ಷಕ್ಕೆ 6.5% ಬಡ್ಡಿ ಬಂದರೂ 3.9 ಲಕ್ಷ. ಅಂದರೆ ತಿಂಗಳಿಗೆ 32,500. ನಿಂತುಹೋದ ಬಾಡಿಗೆ ಬೇರೆ. ಎರಡು ಲಕ್ಷ ಜಾಸ್ತಿ ಸಿಗಲಿ ಅಂತ ಏಳು ತಿಂಗಳು ಕೆಲಸ ಎಳೆದಾಡಿದರೆ ಆ ಎರಡು ಲಕ್ಷ ಕೆಲಸ ಮುಗಿಯುವ ಮೊದಲೇ ಹೋಗಿರುತ್ತದೆ.

ಮೂರು, ಕೆಲಸದ ಮೇಲೆ ನಿಂತು ನೋಡುವವರು ಯಾರು? ನೀವು ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದು, ಗೌಂಡಿಗೆ ಫೋನಿನಲ್ಲೇ ಹೇಳುತ್ತೀರಾದರೆ ದೊಡ್ಡ ಕೆಲಸಕ್ಕೆ ಕೈಹಾಕಬೇಡಿ. ಇಷ್ಟೇ.

ನಾಲ್ಕು, ಮಾಡುವ ಖರ್ಚು ಕೊಳ್ಳುವವರ ಯಾವ ಅನುಮಾನ ಕಳೆಯುತ್ತದೆ? ನನ್ನ ಪ್ರಕಾರ ಇದೇ ಮುಖ್ಯ. ಬಾಡಿಗೆ ಮನೆ ಅಂದ ತಕ್ಷಣ ಬಂದವರ ಮನಸ್ಸಿನಲ್ಲಿ, ಇದನ್ನು ಯಾರೂ ತಮ್ಮದು ಅಂತ ನೋಡಿಕೊಂಡಿಲ್ಲ ಅಂತ ಬಂದುಬಿಡುತ್ತದೆ. ಒಡೆದ ಒಂದು ನಳ ಕಂಡರೆ ಕಾಣದ ಹತ್ತು ಪೈಪಿನ ಮೇಲೆ ಸಂಶಯ. ಆ ಸಂಶಯಕ್ಕೇ ಅವರು ರೇಟು ಇಳಿಸುವುದು. ನಮ್ಮ ಕಾಕಾನ ಮನೆ ನೋಡಲು ಬಂದ ಒಬ್ಬ ಹಿರಿಯರು ಹೊಸ ಟೈಲ್ಸ್ ಕಡೆ ನೋಡಲೇ ಇಲ್ಲ. "ನೀರು ಎಷ್ಟು ದಿನಕ್ಕೊಮ್ಮೆ ಬರತಾವ್ರಿ? ಸಂಪ್ ಎಷ್ಟು ದೊಡ್ಡದೈತ್ರಿ?" ಅಂತ ಕೇಳಿದರು. ಸಂಪಿನ ಮುಚ್ಚಳ ಎತ್ತಿದರೆ ಒಳಗೆ ಒಂದು ಬಿರುಕು, ಒಂದು ಚಪ್ಪಲಿ. ಅವರು ತಿರುಗಿ ಬರಲಿಲ್ಲ.

ಬಣ್ಣಕ್ಕಿಂತ ಮೊದಲು ಕಾಗದ

ಇದು ಆಯ್ಕೆಯ ಮಾತಲ್ಲ, ಎಲ್ಲರೂ ಮಾಡಲೇಬೇಕು. ಖರೀದಿ ಪತ್ರ, ಸಿಟಿ ಸರ್ವೆ ಉತಾರ (ಜಾಗದ ಅಳತೆ, ಮಾಲೀಕರ ಹೆಸರು ಇರುವ ದಾಖಲೆ), ಪಾಲಿಕೆಯ ಇ-ಖಾತಾ, ಋಣಭಾರ ಪತ್ರ, ತೆರಿಗೆ ರಸೀದಿ, ನೀರಿನ ಬಿಲ್. ಈಗ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಮನೆ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದರೆ ವಾರಸಾ, ಅಂದರೆ ವಾರಸುದಾರರ ಹೆಸರಿಗೆ ದಾಖಲೆ ಬದಲಾವಣೆ, ಮೊದಲು ಮಾಡಿಸಿ. ಅಕ್ಕ-ತಂಗಿಯರ ಸಹಿ ಬೇಕೇ ಬೇಕು; ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಅವರ ಹಕ್ಕಿನ ಬಗ್ಗೆ ಕೊಳ್ಳುವವರ ವಕೀಲರು ಕೇಳದೆ ಬಿಡುವುದಿಲ್ಲ.

ಬಾಡಿಗೆ ಮನೆಗೆ ಇನ್ನೂ ಎರಡು ಕೆಲಸ ಇವೆ. ಬಾಡಿಗೆದಾರರಿಂದ, ಮನೆ ಖಾಲಿ ಮಾಡಿದ್ದೇವೆ, ಡಿಪಾಸಿಟ್ ಪೂರ್ತಿ ವಾಪಸ್ ಬಂದಿದೆ, ಕೀಲಿ ಕೊಟ್ಟಿದ್ದೇವೆ ಅಂತ ಒಂದು ಹಾಳೆಯಲ್ಲಿ ಬರೆಸಿ ಸಹಿ ಮಾಡಿಸಿಕೊಳ್ಳಿ. ಲೀಸಿಗೆ ಕೊಟ್ಟಿದ್ದರಂತೂ ಇದು ಇಲ್ಲದೆ ಯಾರೂ ಸಂಚಕಾರ ಕೊಡುವುದಿಲ್ಲ. ಎರಡನೆಯದು ಕರೆಂಟ್. ಗೃಹಜ್ಯೋತಿಗೆ ಬಾಡಿಗೆದಾರರ ಆಧಾರ್ ನಿಮ್ಮ ಮೀಟರಿನ ಆರ್.ಆರ್. ನಂಬರಿಗೆ ಜೋಡಣೆ ಆಗಿದ್ದರೆ ಬಿಡಿಸಲು ಹೇಳಿ. ಬಾಕಿ ಉಳಿದು ಹೆಸ್ಕಾಂನವರು ಕರೆಂಟ್ ಕಡಿದ ಮನೆಯನ್ನು ಸಂಜೆ ಮೊಬೈಲ್ ಬೆಳಕಿನಲ್ಲಿ ತೋರಿಸುವ ಕಷ್ಟ ಯಾರಿಗೂ ಬೇಡ.

ದಾರಿ ಒಂದು: ತೊಳೆದು, ರಿಪೇರಿ ಮಾಡಿ, ಇದ್ದ ಹಾಗೇ ಕೊಡುವುದು

ಕೈಯಲ್ಲಿ ದುಡ್ಡಿಲ್ಲ, ಅವಸರ ಇದೆ, ಅಥವಾ ಕೊಳ್ಳುವವನು ಒಡೆದು ಕಟ್ಟುವ ಪೈಕಿ ಅಂತ ಖಾತ್ರಿ ಇದೆ ಅಂದರೆ ಇದೇ ಸರಿ. ಆದರೆ ಇದ್ದ ಹಾಗೇ ಅಂದರೆ ಹೊಲಸು ಇದ್ದ ಹಾಗೇ ಅಂತ ಅಲ್ಲ.

ಇಬ್ಬರು ಆಳು, ಎರಡು ದಿನ. ಮೊಳೆ ಎಲ್ಲ ಕಿತ್ತು ತೂತಿಗೆ ಪುಟ್ಟಿ ತುಂಬಬೇಕು. ಹಳೇ ಡಿಶ್ ವೈರು, ಬಾಗಿಲಿನ ಸ್ಟಿಕರು, ಹಿತ್ತಲಿನ ಒಡೆದ ಕೊಡ ಎಲ್ಲ ಹೊರಗೆ. ಎಲ್ಲ ಹೋಲ್ಡರಿಗೂ ಬಲ್ಬ್. ಸೋರುವ ನಳಕ್ಕೆ ಹೊಸ ವಾಶರ್. ಸಂಪ್ ಮತ್ತು ಮೇಲಿನ ಟ್ಯಾಂಕ್ ತೊಳೆಸಿ. ಮೋಟರ್ ಚಾಲೂ ಮಾಡಿ ನೋಡಿ. ತಿಂಗಳುಗಟ್ಟಲೆ ನಿಂತ ಮೋಟರ್ ಜಾಮ್ ಆಗಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ್ ಫರಸಿ, ಕಡಪಾ ಕಲ್ಲಿನ ಕಟ್ಟೆ ಜಾಸ್ತಿ. ಇವೆರಡೂ ಸುಣ್ಣದ ಅಂಶದ ಕಲ್ಲು. ಬಚ್ಚಲಿನ ಕಲೆ ತೆಗೆಯಲು ತಂದ ಆ್ಯಸಿಡ್ಡನ್ನು ಇವುಗಳ ಮೇಲೆ ಹಾಕಿದರೆ ಬುರಬುರ ನೊರೆ ಬಂದು ಕಲ್ಲಿನ ಮೈ ಸುಟ್ಟು ಮಂಕಾಗುತ್ತದೆ. ಮೊಸಾಯಿಕ್‌ಗೂ ಅದೇ ಗತಿ. ಕಾಕಾನ ಮನೆಯಲ್ಲಿ ಆಳು ಇದನ್ನೇ ಮಾಡಿದ, ಪಡಸಾಲೆಯ ನಡುವೆ ಬಿಳಿ ನಕಾಶೆ ಬಿದ್ದಿತು. ಫರಸಿಗೆ ಸೋಪಿನ ನೀರು, ತೆಂಗಿನ ನಾರು, ತೋಳಿನ ಕಸುವು ಸಾಕು. ಆ್ಯಸಿಡ್ ಬೇಕಾದರೆ ಬಚ್ಚಲಿನ ಗ್ಲೇಜ್ ಟೈಲ್ಸಿಗೆ ಮಾತ್ರ, ಅದೂ ನೀರು ಬೆರೆಸಿ.

ಖಾಲಿ ಮನೆಗೆ ಇನ್ನೊಂದು ಕಾಯಿಲೆ ಇದೆ, ವಾಸನೆ. ಬಾಗಿಲು ತೆರೆದ ತಕ್ಷಣ ಗಟಾರದ ವಾಸನೆ ಹೊಡೆಯುತ್ತದೆ. ಗಟಾರ ಕಟ್ಟಿದೆ ಅಂತ ಎಲ್ಲರೂ ಗಾಬರಿ ಆಗುತ್ತಾರೆ. ನಿಜ ಏನೆಂದರೆ ಬಚ್ಚಲಿನ ಜಾಲಿಯ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು, ಅದೇ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು. ಬಳಕೆ ಇಲ್ಲದೆ ಆ ನೀರು ಆರಿಹೋಗಿರುತ್ತದೆ. ವಾರಕ್ಕೊಮ್ಮೆ ಪ್ರತಿ ಜಾಲಿಗೂ ಒಂದು ಕೊಡ ನೀರು ಸುರಿದರೆ ಮುಗಿಯಿತು. ಹಾಗೇ ಎಲ್ಲ ನಳಗಳನ್ನೂ ಐದು ನಿಮಿಷ ಬಿಡಿ. ಹಳೇ ಕಬ್ಬಿಣದ ಪೈಪಿದ್ದರೆ ಮೊದಲು ಕೆಂಪು ನೀರು ಬರುತ್ತದೆ. ಅದು ಗಿರಾಕಿಯ ಕಣ್ಣೆದುರು ಬರಬಾರದು ಅಲ್ವಾ?

ಅವ್ವನ ಮನೆಗೆ ಈ ಎಲ್ಲ ಸೇರಿ ನಮಗೆ ಇಪ್ಪತ್ತೆರಡು ಸಾವಿರ ಬಿತ್ತು. ಹಾಕಿದ ರೂಪಾಯಿಗೆ ಅತಿ ಜಾಸ್ತಿ ವಾಪಸ್ ಬಂದಿದ್ದು ಈ ಕೆಲಸದಿಂದಲೇ ಅಂತ ಈಗಲೂ ಹೇಳುತ್ತೇನೆ.

ದಾರಿ ಎರಡು: ಸೋರಿಕೆ ನಿಲ್ಲಿಸಿ ಬಣ್ಣ

ಹೆಚ್ಚಿನವರಿಗೆ ಒಪ್ಪುವ ದಾರಿ ಇದು. ವಾಸಕ್ಕೆ ಕೊಳ್ಳುವ ಮಂದಿ ಬರುವ ಓಣಿಯಲ್ಲಿ ಬಣ್ಣವಿಲ್ಲದ ಮನೆ ಪಟ್ಟಿಯಲ್ಲೇ ಕೆಳಗೆ ಹೋಗುತ್ತದೆ. ಆದರೆ ಕ್ರಮ ತಪ್ಪಿದರೆ ಬಣ್ಣವೇ ಶತ್ರು. ಮೊದಲು ಸೋರಿಕೆ, ಆಮೇಲೆ ಗೋಡೆ ಒಣಗುವುದು, ಆಮೇಲೆ ಪುಟ್ಟಿ, ಪ್ರೈಮರ್, ಕೊನೆಗೆ ಬಣ್ಣ. ಹಸಿ ಗೋಡೆಗೆ ಬಳಿದ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ. ಗಿಲಾವು ಹೊಸದಾಗಿ ಮಾಡಿಸಿದ್ದರೆ ಸುಮಾರು ನಾಲ್ಕು ವಾರ ಒಣಗಲು ಬಿಡಿ.

ಮಾಳಿಗೆ ಸೋರುತ್ತದೋ ಇಲ್ಲವೋ ನೋಡಲು ಮಳೆಗೇ ಕಾಯಬೇಕಿಲ್ಲ. ನೀರು ಹೋಗುವ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಮಾಳಿಗೆ ಮೇಲೆ ಒಂದೆರಡು ಇಂಚು ನೀರು ಎರಡು ದಿನ ನಿಲ್ಲಿಸಿ, ಕೆಳಗಿನಿಂದ ನೋಡಿ. ಹಲವು ಸಲ ತೊಂದರೆ ಇರುವುದು ಆ ಪೈಪಿನಲ್ಲೇ: ಬಾಡಿಗೆಯವರು ಒಮ್ಮೆಯೂ ಎಲೆ ತೆಗೆದಿರುವುದಿಲ್ಲ. ಧಾರವಾಡದ ಮಳೆ ಹುಬ್ಬಳ್ಳಿಗಿಂತ ಜಾಸ್ತಿ, ಜಡಿ ಹಿಡಿದು ಹೊಡೆಯುತ್ತದೆ. ಅಲ್ಲಿ ಈ ಪರೀಕ್ಷೆ ಬಿಡಲೇಬೇಡಿ.

ಹುಬ್ಬಳ್ಳಿ, ಗದಗ ಕಡೆ ಚಿಂತೆ ಬೇರೆ. ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ತಳಪಾಯ ಸರಿ ಇಲ್ಲದ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಕೂದಲೆಳೆಯಂಥ ಬಿರುಕು ಗಿಲಾವಿನದು, ಪುಟ್ಟಿಗೆ ಮುಚ್ಚುತ್ತದೆ. ಮೆಟ್ಟಿಲಿನಂತೆ ಇಟ್ಟಂಗಿಯ ಸಂದಿಯಲ್ಲಿ ಏರುವ ಅಗಲ ಬಿರುಕು ಅಷ್ಟಕ್ಕೆ ಮುಗಿಯುವುದಿಲ್ಲ. ಅದನ್ನು ಪುಟ್ಟಿ ಮೆತ್ತಿ ಮುಚ್ಚಿಟ್ಟು ಮಾರಬೇಡಿ. ಕೊಳ್ಳುವವರ ಜೊತೆ ಬರುವ ಗೌಂಡಿ ಗೋಡೆ ತಟ್ಟಿ ನೋಡಿ ಹೇಳಿಬಿಡುತ್ತಾನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರವೂ, ತನಗೆ ಗೊತ್ತಿದ್ದು ಕೊಳ್ಳುವವರಿಗೆ ಸಹಜವಾಗಿ ಕಾಣದ ದೋಷವನ್ನು ಮಾರುವವರು ಹೇಳಬೇಕು. ನಾವು ಅವ್ವನ ಮನೆಯ ಹಿತ್ತಲ ಗೋಡೆಯ ಬಿರುಕನ್ನು ನಾವೇ ತೋರಿಸಿದೆವು. ಬಂದವರು ಬೇರೆಡೆ ದೋಷ ಹುಡುಕುವುದನ್ನೇ ಬಿಟ್ಟರು!

ಇನ್ನು ಯಾವ ಬಣ್ಣ? ಇದು ಗೋಡೆ ನೋಡಿ ತೀರ್ಮಾನ ಆಗಬೇಕು. ಮಾಳಮಡ್ಡಿಯಂಥ ಹಳೇ ಬಡಾವಣೆಯ ಹಂಚಿನ ಮನೆಗಳ ದಪ್ಪ ಗೋಡೆಗೆ ಸುಣ್ಣದ ಗಿಲಾವು ಇದ್ದರೆ ಸುಣ್ಣವೇ ಮೇಲು. ಗೋಡೆಯ ತೇವ ಹೊರಗೆ ಹೋಗಲು ಬಿಡುತ್ತದೆ, ಅಗ್ಗ ಬೇರೆ. ಅಂಥ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ತೇವ ಒಳಗೇ ಸಿಕ್ಕಿ ಪದರು ಪದರಾಗಿ ಏಳುತ್ತದೆ. ಸಿಮೆಂಟ್ ಗೋಡೆಗೆ ಡಿಸ್ಟೆಂಪರ್ ಅಗ್ಗ, ಆದರೆ ಒರೆಸಲು ಬರುವುದಿಲ್ಲ. ಎಮಲ್ಶನ್ ತುಟ್ಟಿ, ನೋಡಲು ಗಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಒಂದು ಮಾತು ನೆನಪಿಡಿ: ಕೈಗೆ ಪುಡಿ ಹತ್ತುವ ಹಳೇ ಡಿಸ್ಟೆಂಪರ್ ಮೇಲೆ ನೇರವಾಗಿ ಎಮಲ್ಶನ್ ಹಚ್ಚಿದರೆ ನಿಲ್ಲುವುದಿಲ್ಲ. ಕೆರೆದು ತೆಗೆಯಲೇಬೇಕು, ಕೂಲಿ ಹೆಚ್ಚುತ್ತದೆ. ನೆಲ 900 ಚದರ ಅಡಿ ಇದ್ದರೆ ಗೋಡೆ, ಮೇಲ್ಛಾವಣಿ ಸೇರಿ ಬಣ್ಣದ ಜಾಗ ಅದರ ಮೂರು ಪಟ್ಟು, ಅಂದರೆ 2,700 ಚದರ ಅಡಿಯ ಸುತ್ತಮುತ್ತ ಆಗುತ್ತದೆ. ಪೇಂಟರ್ ಹೇಳುವ ಅಳತೆಯನ್ನು ಇದಕ್ಕೆ ಹೋಲಿಸಿ ನೋಡಿ.

ದುಡ್ಡು ಪೂರ್ತಿ ಸಾಲದಿದ್ದರೆ? ಮುಂದಿನ ಗೋಡೆ, ಗೇಟು, ಪಡಸಾಲೆ, ಅಡುಗೆಮನೆ ಇಷ್ಟಕ್ಕೇ ಹಚ್ಚಿಸಿ. ಮಲಗುವ ಖೋಲಿಗೆ ತೊಳೆದ ಗೋಡೆ ಸಾಕು. ಬಣ್ಣ ಒಂದೇ ಇರಲಿ, ತಿಳಿ ಹಾಲಿನ ಬಣ್ಣ. ಒಂದು ಗೋಡೆಗೆ ಕೆನ್ನೇರಳೆ, ಇನ್ನೊಂದಕ್ಕೆ ಗಿಳಿಹಸಿರು ನಿಮ್ಮ ಖುಷಿ, ಅದರ ದುಡ್ಡನ್ನು ಕೊಳ್ಳುವವರು ಕೊಡುವುದಿಲ್ಲ.

ದಾರಿ ಮೂರು: ಬಚ್ಚಲು, ಅಡುಗೆಮನೆ, ನೆಲ ಹೊಸದು ಮಾಡುವುದು

ನಾವು ಕಾಕಾನ ಮನೆಯಲ್ಲಿ ಎಡವಿದ್ದು ಇಲ್ಲಿಯೇ. ಕಾಕಾಗೆ ಮರೂನ್ ಬಣ್ಣದ ಹೂವಿನ ಟೈಲ್ಸ್ ಇಷ್ಟ. ಅಡುಗೆಮನೆ ಪೂರ್ತಿ ಹಾಕಿಸಿದರು, ಮೇಲೆ ಕಪಾಟು ಕೂಡ. ಕೊನೆಗೆ ಮನೆ ತೆಗೆದುಕೊಂಡವರು ಮೂರನೇ ತಿಂಗಳಿಗೆ ಎಲ್ಲ ಒಡೆಸಿದರು. ಸಂಪಿನ ಬಿರುಕಿಗೆ ಮಾತ್ರ ಚೌಕಾಸಿಯಲ್ಲಿ ಒಂದೂವರೆ ಲಕ್ಷ ಕಳೆದರು.

ಅಡುಗೆಮನೆ ಅನ್ನುವುದು ಮನೆಯಾಕೆಯ ಲೆಕ್ಕ. ರೊಟ್ಟಿ ಬಡಿಯುವ ಕಟ್ಟೆ ಎಷ್ಟು ಎತ್ತರ ಇರಬೇಕು, ಒಲೆ ಯಾವ ದಿಕ್ಕಿಗೆ ಇರಬೇಕು, ಹಿಟ್ಟಿನ ಡಬ್ಬಿ ಎಲ್ಲಿ ಕೂಡಬೇಕು ಅಂತ ಬರುವವರಿಗೆ ಅವರದೇ ವಿಚಾರ ಇರುತ್ತದೆ. ಹಾಗಾಗಿ ಅಡುಗೆಮನೆಗೆ ಕಟ್ಟೆ ತಿಕ್ಕಿಸಿ, ಸಿಂಕ್ ಬದಲಿಸಿ, ಜಿಡ್ಡು ತೆಗೆಸಿ ಬಿಟ್ಟುಬಿಡಿ. ಮಾಡ್ಯುಲರ್ ಬೇಡ.

ಬಚ್ಚಲು ಹಾಗಲ್ಲ. ಅಲ್ಲಿ ರುಚಿಯ ಪ್ರಶ್ನೆ ಕಡಿಮೆ, ಅಸಹ್ಯದ ಪ್ರಶ್ನೆ ಜಾಸ್ತಿ. ಬೇರೆಯವರು ವರ್ಷಗಟ್ಟಲೆ ಬಳಸಿದ ಸಂಡಾಸು ಕಂಡರೆ ಯಾರಿಗೂ ಮನಸ್ಸು ಹಿಂಜರಿಯುತ್ತದೆ. ಪೂರ್ತಿ ಒಡೆಸುವುದು ಬೇಡ. ಹೊಸ ಬೇಸಿನ್ನು, ಹೊಸ ನಳ, ಹೊಸ ಬಾಗಿಲು, ಟೈಲ್ಸ್ ಸಂದಿಗೆ ಹೊಸ ಗ್ರೌಟ್ ಇಷ್ಟಕ್ಕೇ ಬಚ್ಚಲು ಬೇರೆಯದೇ ಆಗಿ ಕಾಣುತ್ತದೆ. ಎರಡು ಸಂಡಾಸು ಇದ್ದು ಎರಡೂ ಕುಕ್ಕರುಗಾಲಲ್ಲಿ ಕೂರುವ ಮಾದರಿಯಾಗಿದ್ದರೆ ಒಂದಕ್ಕೆ ಕಮೋಡ್ ಹಾಕಿಸಿ. ಮೊಣಕಾಲು ನೋವಿನ ಅಜ್ಜ-ಅಜ್ಜಿ ಇಲ್ಲದ ಮನೆ ಯಾವುದಿದೆ?

ನೆಲದ ಮಾತಿಗೆ ಬಂದರೆ, ಹಳೇ ಮೊಸಾಯಿಕ್ ಇದ್ದರೆ ಅದರ ಮೇಲೆ ಹೊಸ ವಿಟ್ರಿಫೈಡ್ ಹಾಕಿಸುವ ಮುಂಚೆ ಒಂದು ಸಲ ಪಾಲಿಶ್ ಮಾಡಿಸಿ ನೋಡಿ. ಮಶಿನ್ ಹೊಡೆದರೆ ಹತ್ತು ವರ್ಷದ ಕೊಳೆ ಹೋಗಿ ಚಿಪ್ಸ್ ಹೊಳೆಯುತ್ತದೆ. ಹೊಸ ಟೈಲ್ಸನ್ನು ಹಳೇ ನೆಲದ ಮೇಲೇ ಕೂರಿಸಿದರೆ ನೆಲ ಅರ್ಧ ಮುಕ್ಕಾಲು ಇಂಚು ಏರುತ್ತದೆ. ಆಗ ಎಲ್ಲ ಬಾಗಿಲಿನ ಬುಡ ಕೊಯ್ಯಿಸಬೇಕು, ಹೊಸ್ತಿಲು ಮುಳುಗುತ್ತದೆ, ಬಚ್ಚಲಿನ ನೀರು ಖೋಲಿಗೆ ಬರುವ ಭಯ. ಒಂದು ಕೆಲಸ ಮೂರಾಗುತ್ತದೆ.

ಇದೇ ದಾರಿಯಲ್ಲಿ ನಾನು ಕಣ್ಣು ಮುಚ್ಚಿ ಖರ್ಚು ಮಾಡುವುದು ನೀರಿಗೆ ಮಾತ್ರ. ಅವಳಿ ನಗರದಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬರುತ್ತದೆ, ಎಷ್ಟೋ ಕಡೆ ಹಲವು ದಿನಕ್ಕೊಮ್ಮೆ. ನಗರಗಳ ನೀರಿನ ಯೋಜನೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಹಿಡಿಯುತ್ತಾರೆ. ನಾಲ್ಕು ಮಂದಿಗೆ 540. ಏಳು ದಿನಕ್ಕೆ 3,780 ಲೀಟರ್. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪಿನಲ್ಲಿ ಸುಮಾರು 4,200 ಲೀಟರ್ ಹಿಡಿಯುತ್ತದೆ. ನಿಮ್ಮ ಸಂಪ್ ಇಷ್ಟು ಇದ್ದು, ಬಿರುಕಿಲ್ಲದೆ, ತೊಳೆದು ತುಂಬಿಟ್ಟಿದ್ದರೆ ಮುಚ್ಚಳ ಎತ್ತಿ ತೋರಿಸಿ. ಮಲಪ್ರಭೆಯ ನೀರಿಗೆ ದಿನ ಎಣಿಸಿ ಅಭ್ಯಾಸ ಇರುವ ಮಂದಿಗೆ ತುಂಬಿದ ಸಂಪಿಗಿಂತ ಚಂದದ ನೋಟ ಇಲ್ಲ.

ದಾರಿ ನಾಲ್ಕು: ಖಾಲಿ ಮನೆಗೆ ಸಾಮಾನು ಇಟ್ಟು ತೋರಿಸುವುದು

ದೊಡ್ಡ ಊರುಗಳಲ್ಲಿ ಸೋಫಾ, ಮಂಚ ಬಾಡಿಗೆಗೆ ತಂದಿಟ್ಟು ಮನೆ ತೋರಿಸುತ್ತಾರೆ. ನಮ್ಮಲ್ಲಿ ಹೊಸ ಅಪಾರ್ಟ್‌ಮೆಂಟ್ ಬಿಟ್ಟರೆ ಇದು ಅತಿ ಆಯಿತು ಅಂತ ನನ್ನ ಅಭಿಪ್ರಾಯ. ಹಳೇ ಮನೆಯಲ್ಲಿ ಹೊಸ ಸೋಫಾ ಇಟ್ಟರೆ ಬಂದವರಿಗೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ.

ಆದರೆ ಖಾಲಿ ಖೋಲಿ ಸಣ್ಣದಾಗಿ ಕಾಣುತ್ತದೆ ಅನ್ನುವುದು ಖರೆ. ಹತ್ತು ಬೈ ಹನ್ನೊಂದರ ಖೋಲಿಯಲ್ಲಿ ನಿಂತು, "ಇದರಾಗ ಮಂಚ ಎಲ್ಲಿ ಹಿಡಸ್ತದ?" ಅಂತ ಕೇಳುತ್ತಾರೆ. ಇದಕ್ಕೆ ನಾವು ಕಂಡುಕೊಂಡ ಉಪಾಯ: 6 ಅಡಿ ಬೈ 6.5 ಅಡಿ, ದೊಡ್ಡ ಮಂಚದ ಅಳತೆಗೆ ಹಳೇ ಪೇಪರ್ ಅಂಟಿಸಿ ನೆಲದ ಮೇಲೆ ಹಾಸಿಟ್ಟೆವು. ಸುತ್ತ ಓಡಾಡಲು ಎಷ್ಟು ಜಾಗ ಉಳಿಯುತ್ತದೆ ಅಂತ ಕಣ್ಣಿಗೇ ಕಂಡಿತು. ಪಡಸಾಲೆಯಲ್ಲಿ ನಾಲ್ಕು ಕುರ್ಚಿ, ಒಂದು ಚಾಪೆ. ಎರಡು ಫ್ಯಾನು ತಿರುಗುತ್ತಿರಲಿ. ದೇವರ ಜಗಲಿ ಒರೆಸಿಡಿ. ತುಳಸಿ ಕಟ್ಟೆ ಇದ್ದರೆ ಗಿಡ ನೆಡಿ. ಒಣಗಿದ ಕಡ್ಡಿ ನಿಂತ ಕಟ್ಟೆ ಕಂಡರೆ ಹೆಣ್ಣುಮಕ್ಕಳು ಮುಖ ಸಣ್ಣ ಮಾಡುತ್ತಾರೆ. ಮುಂಜಾನೆ ಅಂಗಳ ಗುಡಿಸಿ ನೀರು ಹಾಕಿ ರಂಗೋಲಿ. ಇಷ್ಟಕ್ಕೆ ಐದು ಸಾವಿರವೂ ಬೇಡ.

ದಾರಿ ಐದು: ಮತ್ತೆ ಯಾರನ್ನಾದರೂ ಇಡುವುದು

ಮಾರುವವರೆಗೆ ಬಾಡಿಗೆ ಬರಲಿ ಅಂತ ಮತ್ತೆ ಕೊಡುವವರಿದ್ದಾರೆ. ಸಪ್ತಾಪುರದಂಥ ಕಡೆ, ಬಾಡಿಗೆ ಆದಾಯ ನೋಡಿಯೇ ಕೊಳ್ಳುವವರು ಬರುವಲ್ಲಿ ಇದು ಒಳ್ಳೆಯದೇ. ತಿಂಗಳಿಗೆ ಇಷ್ಟು ಬರುತ್ತದೆ ಅಂತ ತೋರಿಸಬಹುದು. ಆದರೆ ವಾಸಕ್ಕೆ ಕೊಳ್ಳುವ ಸಂಸಾರವಂದಿಗರು ಬಾಡಿಗೆದಾರರು ಕೂತ ಮನೆ ಅಂದರೆ ಅರ್ಧ ದಾರಿಯಲ್ಲೇ ತಿರುಗುತ್ತಾರೆ. ನಾಳೆ ಖಾಲಿ ಮಾಡದಿದ್ದರೆ? ಹನ್ನೊಂದು ತಿಂಗಳ ಕರಾರು ಬರೆದಿದ್ದರೂ ಅವರ ಭಯ ಹೋಗುವುದಿಲ್ಲ. ಮನೆ ತೋರಿಸಲು ಪ್ರತಿಸಲ ಬಾಡಿಗೆದಾರರ ಅನುಕೂಲ ಕೇಳಬೇಕು, ಅವರ ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ಬಗ್ಗಿ ಹೋಗಬೇಕು.

ನಡುವಿನ ದಾರಿ ಒಂದಿದೆ. ಊರಿನ ಕಡೆಯ ಯಾರದಾದರೂ ಮಗ ಇಲ್ಲೇ ಓದುತ್ತಿದ್ದರೆ ನಾಲ್ಕೈದು ತಿಂಗಳು ಇರಲು ಹೇಳಿ. ಬಾಡಿಗೆ ಬೇಡ, ಕರೆಂಟ್ ಬಿಲ್ ಕಟ್ಟಿದರೆ ಸಾಕು. ದಿನಾ ಕಸ ಹೊಡೆಯುತ್ತದೆ, ನಳ ತಿರುಗುತ್ತದೆ, ಸಂಜೆ ದೀಪ ಹತ್ತುತ್ತದೆ. ಅವ್ವನ ಮನೆಯಲ್ಲಿ ನಮ್ಮ ಸೋದರಮಾವನ ಮೊಮ್ಮಗ ಇದ್ದ. ಬಂದವರಿಗೆ ಚಹಾ ಮಾಡಿ ಕೊಡುತ್ತಿದ್ದ ಕೂಡ. ಹುಡುಗ ನಂಬಿಕಸ್ಥನಾಗಿರಬೇಕು, ಅಷ್ಟೇ.

ದಾರಿ ಆರು: ಜಾಗದ ಬೆಲೆಗೆ ಮಾರುವುದು

ಮನೆ ನಲವತ್ತು ಐವತ್ತು ವರ್ಷದ್ದು, ಜಾಗ 40 ಬೈ 60, ಮುಂದೆ ಅಗಲ ರಸ್ತೆ ಇದ್ದರೆ ಕೊಳ್ಳುವವನು ನೋಡುವುದು ಜಾಗವನ್ನೇ. ಗುಂಟೆಗೆ 1,089 ಚದರ ಅಡಿಯ ಲೆಕ್ಕದಲ್ಲಿ ರೇಟು ಮಾತಾಡುತ್ತಾನೆ. ಅಲ್ಲಿ ಬಣ್ಣಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ಕಂಪೌಂಡ್ ಸರಿಮಾಡಿಸಿ, ಗಿಡಗಂಟಿ ಕಡಿಸಿ, ನಾಲ್ಕು ಮೂಲೆಗೆ ಗುರುತು ಹಾಕಿಸಿ, ಅಳತೆ ಉತಾರದ ಜೊತೆ ಹೊಂದುತ್ತದಾ ನೋಡಿ.

ನೀವೇ ಮನೆ ಕೆಡವಿ ಖಾಲಿ ಸೈಟ್ ಮಾಡಿ ಮಾರುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಆದಾಯ ತೆರಿಗೆಯಲ್ಲಿ ಇದಕ್ಕೆ ವ್ಯತ್ಯಾಸವಿದೆ. ವಾಸದ ಮನೆ ಮಾರಿ ಇನ್ನೊಂದು ಮನೆ ಕೊಂಡರೆ ಬಂದ ಲಾಭದಷ್ಟನ್ನು ಹಾಕಿದರೆ ಸಾಕು, ತೆರಿಗೆ ಉಳಿಯುತ್ತದೆ. ಸೈಟ್ ಅಂತ ಮಾರಿದರೆ ಪೂರ್ತಿ ವಿನಾಯಿತಿಗೆ ಮಾರಿದ ಮೊತ್ತವನ್ನೇ ಹಾಕಬೇಕಾಗುತ್ತದೆ. ಇನ್ನೊಂದು ಮಾತು: ಹೊಸ ಖೋಲಿ ಕಟ್ಟಿಸಿದ ಖರ್ಚನ್ನು ಲಾಭದಲ್ಲಿ ಕಳೆಯಲು ಬರುತ್ತದೆ, ಬಿಲ್ ಇದ್ದರೆ. ಸುಣ್ಣ ಬಣ್ಣದಂಥ ರಿಪೇರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಕೈಹಚ್ಚುವ ಮೊದಲು ಸಿಎ ಹತ್ತಿರ ಅರ್ಧ ತಾಸು ಕೂತು ಬನ್ನಿ. ಹಾಗೇ ಯಾವ ಮನೆಯಾದರೂ ಸಂಚಕಾರವನ್ನು 20,000 ಅಥವಾ ಅದಕ್ಕಿಂತ ಜಾಸ್ತಿ ನಗದಿನಲ್ಲಿ ತೆಗೆದುಕೊಳ್ಳಬೇಡಿ, ಕಾನೂನು ಬಿಡುವುದಿಲ್ಲ. ಚೆಕ್ಕೋ ಬ್ಯಾಂಕ್ ವರ್ಗಾವಣೆಯೋ ಇರಲಿ.

ಹಾಗಾದರೆ ನಿಮಗೆ ಯಾವುದು?

ನೀವು ಹೊರಗಿನ ಊರಿನಲ್ಲಿದ್ದು ಎರಡು ತಿಂಗಳಲ್ಲಿ ಮುಗಿಸಬೇಕು ಅಂದರೆ ಮೊದಲನೇ ದಾರಿ, ಜೊತೆಗೆ ಒಬ್ಬ ಹುಡುಗನನ್ನು ಇಡುವುದು. ಕೈಯಲ್ಲಿ ಒಂದೂವರೆ ಎರಡು ಲಕ್ಷ ಇದ್ದು, ವಾಸಕ್ಕೆ ಕೊಳ್ಳುವವರು ಬರುವ ಬಡಾವಣೆ ಆದರೆ ಸೋರಿಕೆ, ಸಂಪು, ಒಂದು ಬಚ್ಚಲು, ಆಮೇಲೆ ಉಳಿದಿದ್ದರಲ್ಲಿ ಬಣ್ಣ. ಕ್ರಮ ಇದೇ ಇರಲಿ, ಬಣ್ಣ ಕೊನೆಗೆ. ನಾಲ್ಕೈದು ಲಕ್ಷ ಹಾಕುವ ಶಕ್ತಿ ಇದೆ ಅನ್ನುವವರಿಗೆ ನಾನು ಕೇಳುವುದು, ಪಕ್ಕದ ಓಣಿಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆ ಎಷ್ಟಕ್ಕೆ ಹೋಯಿತು? ನಿಮ್ಮ ಖರ್ಚು ಸೇರಿಸಿದ ಮೇಲೆ ಹೇಳುವ ರೇಟು ಅದನ್ನು ಬಹಳ ದಾಟಿದರೆ ಆ ದುಡ್ಡು ನಿಮ್ಮಲ್ಲೇ ಇರಲಿ. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕ ಜಾಗ, ಕಟ್ಟಡದ ವಯಸ್ಸು, ನಕ್ಷೆ, ಕಾಗದ ನೋಡುತ್ತಾನೆ. ಕಪಾಟಿನ ಬಣ್ಣಕ್ಕೆ ಅವನ ಹಾಳೆಯಲ್ಲಿ ಹೆಚ್ಚಿನ ಬೆಲೆ ಇಲ್ಲ.

ಗದಗ, ಹಾವೇರಿಯಲ್ಲಿ ಮನೆ ಇದ್ದರೆ ಕೈ ಇನ್ನೂ ಹಿಡಿದು ಖರ್ಚು ಮಾಡಿ. ಊರು ಸಣ್ಣದು, ಕೊಳ್ಳುವವರು ಕಡಿಮೆ, ನಿಮ್ಮ ಮನೆಯ ಹುಟ್ಟು ಜಾತಕ ಎಲ್ಲರಿಗೂ ಗೊತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದವರಿಗೆ ಚೀಲ ಇಡಲು ಒಣ ಖೋಲಿ ಬೇಕು, ಹೊಳೆಯುವ ನೆಲ ಬೇಡ. ಬೆಟಗೇರಿಯಲ್ಲಿ ನೇಕಾರರು ಬಾಡಿಗೆಗೆ ಇದ್ದ ಮನೆಯಾದರೆ ನೆಲದಲ್ಲಿ ಮಗ್ಗದ ತಗ್ಗು ಇರಬಹುದು. ಕೊಳ್ಳುವವರೂ ನೇಕಾರರಾದರೆ ಹಾಗೇ ಬಿಡಿ. ಇಲ್ಲದಿದ್ದರೆ ಮೊರಂ (ಗರಸು) ಹಾಕಿ, ಪದರು ಪದರಾಗಿ ನೀರು ಬಿಟ್ಟು ದಮ್ಮಸು ಮಾಡಿ ಮುಚ್ಚಿಸಿ. ಮಣ್ಣು ಸುರಿದು ಮೇಲೆ ಟೈಲ್ಸ್ ಹಾಕಿದರೆ ಆರು ತಿಂಗಳಿಗೆ ಕುಸಿಯುತ್ತದೆ.

ಇನ್ನು ಯಾವಾಗ ಶುರು ಮಾಡಬೇಕು ಅನ್ನುವುದು. ಆಷಾಢದಲ್ಲಿ ಮನೆ ನೋಡಲು ಬರುವವರೇ ಕಡಿಮೆ, ಸಂಚಕಾರ ಕೊಡುವವರಂತೂ ಇಲ್ಲ. ಬೇಸಿಗೆಯಲ್ಲಿ ಮನೆ ಖಾಲಿಯಾದರೆ ಮೇ ಮುಗಿಯುವುದರೊಳಗೆ ಮಾಳಿಗೆ ಮತ್ತು ಸಂಪ್ ಮುಗಿಸಿ. ಮಳೆಗಾಲದಲ್ಲಿ ಬಣ್ಣಕ್ಕೆ ಕೈಹಚ್ಚದೆ ಆ ಮೂರು ತಿಂಗಳು ಇ-ಖಾತಾ, ವಾರಸಾ ಅಂತ ಓಡಾಡಿ. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಒಮ್ಮೆ ಹೋಗಿ ಎಲ್ಲ ಖೋಲಿಯ ಮೂಲೆಗೂ ಕೈ ಇಟ್ಟು ನೋಡಿ ಬನ್ನಿ. ಮಳೆ ನಿಂತು ಗೋಡೆ ಆರಿದ ಮೇಲೆ ಪೇಂಟರ್‌ಗೆ ಫೋನ್ ಮಾಡಿ, ಆದರೆ ಬೇಗ. ದಸರೆಗೆ ಎರಡು ವಾರ ಇರುವಾಗ ಕೇಳಿದರೆ ಹುಬ್ಬಳ್ಳಿ-ಧಾರವಾಡದಲ್ಲಿ ಒಬ್ಬ ಪೇಂಟರೂ ಸಿಗುವುದಿಲ್ಲ, ಸಿಕ್ಕರೂ ದೀಪಾವಳಿ ಆದ ಮೇಲೆ ಬರುತ್ತೇನೆ ಅನ್ನುತ್ತಾನೆ.